ಸಕ್ಕರೆ ಕಾಯಿಲೆಯೊಡನೆ ಸಂಸಾರ
(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹ)



ನಾನು ವೈದ್ಯನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿರುವವನು. ಮಧುಮೇಹದ ವಿಚಾರವಾಗಿ ಮಾತನಾಡಲು ನನಗಿರುವ ಅರ್ಹತೆ ಒಂದೇ. ನಮ್ಮ ತಂದೆಯವರಿಗೆ ಹದಿನಾರು ವರ್ಷಗಳಿಂದ ಈ ರೋಗವಿದೆ. ಅದರ ಲೆಕ್ಕವನ್ನು ನಾನು ಬಹಳ ತಡವಾಗಿ ತೆಗೆದು ನೋಡಿದೆ. ಅದನ್ನೇ ಹೇಳಿ ಎಂದು ಕಾರ್ಯದರ್ಶಿಗಳು ಬಲವಂತ ಮಾಡಿದರು. ತಂದೆಯವರ ಅಪ್ಪಣೆ ಪಡೆದೇ ಹೇಳುತ್ತಿದ್ದೇನೆ.

ತಂದೆಯವರು ಉಡುಪಿಯ ಕಡೆಯವರು. ಹುಡುಗನಾಗಿದ್ದಾಗಲೇ ಈ ಊರಿಗೆ ಬಂದು, ಟ್ರಿಪ್ಲಿಕೇನಿನ ಹೋಟೆಲೊಂದರ ಗಲ್ಲಾದಲ್ಲಿ ಮೂವತ್ತು ವರ್ಷ ಕುಳಿತವರು. ಹೋಟೆಲಿನವರ ದಿನಚರಿ ತಮಗೆ ಗೊತ್ತೇ ಇದೆ: ಊಟಕ್ಕೆ ಹೊತ್ತಿಲ್ಲ, ಕಾಫಿಗೆ ಲೆಕ್ಕವಿಲ್ಲ. ರೋಗ ಗೊತ್ತಾದ ಮೇಲೆ ಡಾಕ್ಟರರು ಮಾತ್ರೆ ಕೊಟ್ಟರು, ಪಥ್ಯ ಹೇಳಿದರು. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ. ಪ್ರತಿಸಲವೂ ಫಲಿತಾಂಶ ಚೆನ್ನಾಗಿಯೇ ಬರುತ್ತಿತ್ತು. ಏಕೆಂದರೆ ಪರೀಕ್ಷೆಗೆ ಎರಡು ದಿನ ಮುಂಚೆ ತಂದೆಯವರು ಅನ್ನ ಬಿಟ್ಟು, ಮರೀನಾದ ಉದ್ದಕ್ಕೂ ನಡೆದು ಬರುತ್ತಿದ್ದರು! ಮಾರ್ಚಿ 31ನೆಯ ತಾರೀಖಿಗೆ ಲೆಕ್ಕವನ್ನು ಒಪ್ಪವಾಗಿ ತೋರಿಸುವ ವ್ಯಾಪಾರಿಗಳನ್ನು ನಾನು ನಿತ್ಯ ಕಾಣುತ್ತೇನೆ; ನಮ್ಮ ಮನೆಯಲ್ಲೇ ಒಬ್ಬರಿದ್ದುದು ತಿಳಿಯಲಿಲ್ಲ.

ಎಚ್‌ಬಿಎ1ಸಿ ಎಂಬ ಪರೀಕ್ಷೆಗೆ ಈ ಜಾಣತನ ನಡೆಯದು. ರಕ್ತದ ಕೆಂಪು ಕಣಕ್ಕೆ ಸುಮಾರು 120 ದಿನ ಆಯುಸ್ಸು. ಅಷ್ಟು ದಿನವೂ ಅದು ಸಕ್ಕರೆಯನ್ನು ಅಂಟಿಸಿಕೊಂಡೇ ತಿರುಗುತ್ತದೆ. ಆದುದರಿಂದ ಅದು ಹೇಳುವುದು ಎರಡು ಮೂರು ತಿಂಗಳ ಸರಾಸರಿಯನ್ನು. ಬೆಳಗಿನ ಖಾಲಿಹೊಟ್ಟೆಯ ಪರೀಕ್ಷೆ ಆ ದಿನದ ಬಾಕಿ, ಇದು ಪಾಸ್‌ಪುಸ್ತಕ. ತಂದೆಯವರ ಪಾಸ್‌ಪುಸ್ತಕವನ್ನು ಮೊದಲ ಸಲ ತೆರೆದಾಗ 9.8 ಎಂದಿತ್ತು. ಹೆಚ್ಚಿನವರಿಗೆ 7ರ ಸುಮಾರಿನಲ್ಲಿರಬೇಕೆಂದು ಹೇಳುತ್ತಾರೆ.

ಅದನ್ನು ತೆರೆಸಿದ್ದೂ ನಮ್ಮ ಬುದ್ಧಿಯಲ್ಲ, ಕಣ್ಣು. 2021ರಲ್ಲಿ ಒಂದು ಬೆಳಿಗ್ಗೆ, ಎಡಗಣ್ಣಿನ ಮುಂದೆ ಜೇಡರ ಬಲೆ ತೂಗಿದಂತಿದೆ ಎಂದರು. ಸಂಜೆಯ ಹೊತ್ತಿಗೆ ಕಪ್ಪು ಪರದೆಯೇ ಬಿದ್ದಿತು. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯಲಿಲ್ಲ. ಹಿಂದಿನ ದಿನದವರೆಗೂ ಪತ್ರಿಕೆಯ ಸಣ್ಣಕ್ಷರ ಓದುತ್ತಿದ್ದರು. ಡಾಕ್ಟರರು ಕೇಳಿದರು: “ಔಷಧಿ ಬಿಟ್ಟು, ಪಾಪೆ ಹಿಗ್ಗಿಸಿ ಕಣ್ಣಿನ ಒಳಭಾಗ ನೋಡಿಸಿದ್ದು ಯಾವಾಗ?” ನಾನು ಉತ್ತರ ಕೊಡಲಿಲ್ಲ. ಎರಡು ವರ್ಷಕ್ಕೊಮ್ಮೆ ಅಂಗಡಿಯಲ್ಲಿ ಕನ್ನಡಕ ಬದಲಾಯಿಸುತ್ತಿದ್ದೆವು. ಅದೇ ಕಣ್ಣಿನ ಪರೀಕ್ಷೆಯೆಂದು ನಂಬಿದ್ದೆವು.

ಇದನ್ನೇ ತಮ್ಮಲ್ಲಿ ಒತ್ತಿ ಹೇಳಬೇಕೆಂದು ಬಂದಿದ್ದೇನೆ. ಹೆಚ್ಚಿದ ಸಕ್ಕರೆ ಅಕ್ಷಿಪಟಲದ ಕೂದಲೆಳೆಯಂಥ ರಕ್ತನಾಳಗಳನ್ನು ಕೆಡಿಸುತ್ತದೆ. ಕೆಲವು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ಅವುಗಳ ಬದಲಿಗೆ ಹುಟ್ಟುವ ಹೊಸ ನಾಳಗಳು ಬಲವಿಲ್ಲದವು, ಒಡೆದು ಕಣ್ಣೊಳಗೆ ರಕ್ತ ಹರಿಸುತ್ತವೆ. ಇಷ್ಟೆಲ್ಲ ನಡೆಯುವಾಗಲೂ ದೃಷ್ಟಿ ಚೆನ್ನಾಗಿಯೇ ಇರಬಹುದು. ರಕ್ತದ ಒತ್ತಡವೂ ಸೇರಿದರೆ ಕೇಳುವುದೇ ಬೇಡ. ಮೊದಲೇ ಕಂಡುಹಿಡಿದರೆ ಲೇಸರ್ ಇದೆ, ಕಣ್ಣಿಗೆ ಕೊಡುವ ಇಂಜೆಕ್ಷನ್ನುಗಳಿವೆ. ನಾವಿರುವ ಊರಾದರೂ ಎಂಥದು! ಎಗ್ಮೋರಿನ ಸರಕಾರಿ ಕಣ್ಣಾಸ್ಪತ್ರೆಯ ಚರಿತ್ರೆ 1819ರಿಂದ ಮೊದಲಾಗುತ್ತದೆ. ಡಾ॥ ಎಂ. ವಿಶ್ವನಾಥನ್ 1948ರಲ್ಲಿಯೇ ಸ್ಟಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹಕ್ಕೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆದರು. ಡಾ॥ ಬದರಿನಾಥರ ಶಂಕರ ನೇತ್ರಾಲಯ 1978ರದು. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆ ಭಾರತದಲ್ಲಿ ಹತ್ತು ಕೋಟಿಗೂ ಮೀರಿ ಮಧುಮೇಹಿಗಳಿದ್ದಾರೆಂದಿತು. ಅದನ್ನು ಮುಂದೆ ನಿಂತು ನಡೆಸಿದವರೂ ಚೆನ್ನೈನವರೇ. ಬಾವಿಯ ಪಕ್ಕದಲ್ಲಿದ್ದು ಬಾಯಾರಿದವರು ನಾವು.

ಕಣ್ಣಿನ ಶಸ್ತ್ರಕ್ರಿಯೆಯೆಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಡಾ॥ ಎಂ. ಸಿ. ಮೋದಿಯವರು ಊರೂರಿನಲ್ಲಿ ನಡೆಸಿದ ಶಿಬಿರಗಳು. ಅವು ಪೊರೆ ತೆಗೆಯುವ ಶಿಬಿರಗಳು. ತಂದೆಯವರದು ಬೇರೆ. ಕಣ್ಣೊಳಗಿನ ರಕ್ತ ತೆಗೆದು, ಒಂದೆಡೆ ಕಿತ್ತುಬಂದಿದ್ದ ಅಕ್ಷಿಪಟಲವನ್ನು ಕೂರಿಸಿ, ಅದು ಅಂಟಿ ನಿಲ್ಲಲೆಂದು ಒಂದು ಬಗೆಯ ಅನಿಲದ ಗುಳ್ಳೆ ತುಂಬಿದರು. ಗುಳ್ಳೆ ಮೇಲಕ್ಕೇರಿ ಅಕ್ಷಿಪಟಲವನ್ನು ಒತ್ತಬೇಕಾದರೆ ರೋಗಿ ಮುಖ ಕೆಳಗೆ ಮಾಡಿಕೊಂಡಿರಬೇಕು. ಏಳು ದಿನ! ಉಣ್ಣುವಾಗ ಒಂದಿಷ್ಟು ಬಿಡುವು, ಅಷ್ಟೇ. ಮೇಜಿನ ಮೇಲೆ ಎರಡು ದಿಂಬಿಟ್ಟು, ನಡುವೆ ಮೂಗಿಗೆ ಸಂದು ಬಿಟ್ಟು ಮಲಗಿಸಿದೆವು. ಮೂರನೆಯ ದಿನ, “ಇದಕ್ಕಿಂತ ಕುರುಡೇ ಮೇಲು” ಎಂದರು. ಆ ರಾತ್ರಿ ನಾನು ನೆಲದ ಮೇಲೆ ಮಲಗಿ, ಅವರ ಮುಖವನ್ನು ಕೆಳಗಿನಿಂದ ನೋಡುತ್ತ ಹೋಟೆಲಿನ ಹಳೆಯ ಕಥೆಗಳನ್ನು ಹೇಳಿಸಿದೆ. ಬೆಳಗಾಯಿತು.

ಕಣ್ಣಿಗೆ ಬಿಡುವ ಔಷಧಿ ಮೂರು ಸೀಸೆ, ಹೊತ್ತು ಬೇರೆಬೇರೆ. ಹಗಲು ನಾನು ಬ್ಯಾಂಕಿನಲ್ಲಿ, ನನ್ನವಳು ಶಾಲೆಯಲ್ಲಿ. ಊರಿನಲ್ಲಾದರೆ ಚಿಕ್ಕಪ್ಪ, ದೊಡ್ಡಮ್ಮ ಇರುತ್ತಿದ್ದರು. ತಾಯಿಯವರಿಗೆ ಕನ್ನಡವಲ್ಲದೆ ಬೇರೆ ಅಕ್ಷರ ಬಾರದು. ಸೀಸೆಗಳ ಮೇಲೆ ಅ, ಆ, ಇ ಎಂದು ಚೀಟಿ ಅಂಟಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಹೊತ್ತು ಬರೆದೆ. ಒಂದು ಹನಿಯೂ ತಪ್ಪಲಿಲ್ಲ. ಅನಿಲ ಕರಗುವವರೆಗೆ ವಿಮಾನ ಕೂಡದು, ಎತ್ತರದ ಘಟ್ಟ ಹತ್ತುವುದೂ ಕೂಡದು. ಮೇಲೆ ಹೋದಂತೆ ಅದು ಹಿಗ್ಗಿ ಕಣ್ಣನ್ನು ಕೆಡಿಸಬಲ್ಲುದು. ಊರಿನಲ್ಲಿ ತಂಗಿಯ ಮಗಳ ಮದುವೆ, ತಂದೆಯವರು ಹೋಗಲಾಗಲಿಲ್ಲ. ದೃಷ್ಟಿ ಮರುದಿನವೇ ಬರುವುದಿಲ್ಲ. ತಿಂಗಳುಗಟ್ಟಲೆ ಕಾದೆವು. ಎಡಗಣ್ಣಿಗೆ ಈಗ ತಲೆಬರಹ ಕಾಣುತ್ತದೆ, ಸಣ್ಣಕ್ಷರ ಕಾಣದು. ಬಲಗಣ್ಣಿಗೆ ಲೇಸರ್ ಆಯಿತು. ಲೇಸರ್ ಇರುವ ದೃಷ್ಟಿಯನ್ನು ಕಾಯುತ್ತದೆ, ಹೋದದ್ದನ್ನು ತರುವುದಿಲ್ಲ.

ಇನ್ನು ಅಡಿಗೆಮನೆ. ಮೊದಲು ತಂದೆಯವರಿಗೆ ಬೇರೆ ಅಡಿಗೆ ಮಾಡುತ್ತಿದ್ದೆವು. ಅವರ ತಟ್ಟೆಯಲ್ಲಿ ಒಣಚಪಾತಿ, ನಮ್ಮ ತಟ್ಟೆಯಲ್ಲಿ ಹಬ್ಬ. ರಾತ್ರಿ ಅವರು ಡಬ್ಬಿ ತೆಗೆಯುವ ಸದ್ದಾಗುತ್ತಿತ್ತು, ಯಾರನ್ನು ದೂರುವುದು? ಈಗ ಮನೆಗೆಲ್ಲ ಒಂದೇ ಅಡಿಗೆ. ಎಲೆಯ ಮೇಲೆ ಮೊದಲು ಬೀಳುವ ಕೋಸಂಬರಿ, ಪಲ್ಯಗಳನ್ನು ಅನ್ನ ಬರುವವರೆಗೆ ನೋಡುತ್ತ ಕೂರುವುದಲ್ಲ, ಮೊದಲೇ ತಿಂದು ಮುಗಿಸುವುದು. ಹಾಗೆ ಉಂಡರೆ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ. ಅನ್ನಕ್ಕೆ ಒಂದು ಬಟ್ಟಲಿನ ಅಳತೆ. ಹುಳಿಯಲ್ಲಿ ಬೇಳೆ, ತರಕಾರಿ ಹೆಚ್ಚು. ನಮ್ಮವರಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ಬೆಲ್ಲವಾದರೆ ಬಾಧಕವಿಲ್ಲವೆಂಬುದು ಒಂದು; ಬೆಲ್ಲವೂ ಸಕ್ಕರೆಯೇ. ರಾಗಿ ಎಷ್ಟಾದರೂ ತಿನ್ನಬಹುದೆಂಬುದು ಇನ್ನೊಂದು. ರಾಗಿಯಲ್ಲಿ ನಾರು, ಸುಣ್ಣದ ಅಂಶ ಹೆಚ್ಚು, ನಿಜ; ಆದರೆ ಪಿಷ್ಟ ಅದರಲ್ಲೂ ಧಾರಾಳವಾಗಿದೆ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದರೆ ಸಕ್ಕರೆ ಬೇಗನೆ ಏರುತ್ತದೆ. ಮೈಸೂರಿನ ಮಿತ್ರರು ಮುದ್ದೆಯ ಗಾತ್ರದ ವಿಚಾರದಲ್ಲಿ ನನ್ನನ್ನು ಮನ್ನಿಸಬೇಕು.

ಉಪವಾಸದ ಮಾತನ್ನೂ ಹೇಳಬೇಕು. ಒಂದು ಏಕಾದಶಿಯಂದು ತಂದೆಯವರು ಮಾತ್ರೆ ನುಂಗಿ ಊಟ ಬಿಟ್ಟರು. ಮಧ್ಯಾಹ್ನಕ್ಕೆ ಬೆವರು, ನಡುಕ, ಮಾತಿನಲ್ಲಿ ತೊದಲು. ಸಕ್ಕರೆ ತೀರ ಇಳಿದಿತ್ತು. ತಾಯಿಯವರು ಮೂರು ಚಮಚ ಸಕ್ಕರೆ ಕದಡಿ ಕುಡಿಸಿದರು, ಕಾಲುಗಂಟೆಯಲ್ಲಿ ಚೇತರಿಸಿಕೊಂಡರು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು; ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವ್ರತ ಬೇಡವೆನ್ನುವವನು ನಾನಲ್ಲ. ಆ ದಿನದ ಮಾತ್ರೆಯ ಬಗ್ಗೆ ಡಾಕ್ಟರರನ್ನು ಕೇಳಿ ಮಾಡಿ ಎನ್ನುತ್ತೇನೆ.

ತಂದೆಯವರ ಎಚ್‌ಬಿಎ1ಸಿ ಈಗ 7.2. ಅಂಕಿಗಳನ್ನು ಅವರೇ, ಹೋಟೆಲಿನ ಗಲ್ಲಾಪುಸ್ತಕದಂತೆ, ದೊಡ್ಡಕ್ಷರದಲ್ಲಿ ಬರೆದಿಡುತ್ತಾರೆ. ಡಿಸೆಂಬರಿನಲ್ಲಿ ಮತ್ತೆ ಕಣ್ಣಿನ ಪರೀಕ್ಷೆ. ತಂದೆಗೆ ಈ ರೋಗವಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚಂತೆ. ಆ ದಿನ ನೀವೂ ರಕ್ತ ಕೊಟ್ಟು ಬನ್ನಿ ಎಂದು ನನ್ನವಳು ಹೇಳಿದ್ದಾಳೆ. ಒಪ್ಪಿದ್ದೇನೆ.