ಟೈರಿನವರು: ಕೊಡುವ ಕೈಯ ಪರೀಕ್ಷೆ

(ಶತಮಾನೋತ್ಸವದ ಕೃತಜ್ಞತಾ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಸಂತ ಲೂಕರು ಗ್ರೀಕ್ ಭಾಷೆಯಲ್ಲಿ ಬರೆದ ಪ್ರೇಷಿತರ ಕಾರ್ಯಕಲಾಪಗಳ 12ನೆಯ ಅಧ್ಯಾಯದಲ್ಲಿ ‘ತೂರಿಯೊಯ್’ ಎಂಬ ಪದವೊಂದಿದೆ. ‘ಟೈರ್ ನಗರದವರು’ ಎಂದು ಅದರ ಅರ್ಥ. ಫೆನಿಷಿಯರ ಆ ಪ್ರಾಚೀನ ರೇವುಪಟ್ಟಣವು ಇಂದಿನ ಲೆಬನಾನಿನಲ್ಲಿದೆ. ಊರಿನ ಹೆಸರು ಹೊಸ ಒಡಂಬಡಿಕೆಯಲ್ಲಿ ಹಲವು ಸಲ ಬಂದರೂ, ಊರವರನ್ನು ಹೆಸರಿಸುವ ಈ ಪದ ಬರುವುದು ಒಮ್ಮೆ ಮಾತ್ರ. ಅದೂ ಅನ್ನಕ್ಕಾಗಿ ಅರಸನ ಮುಂದೆ ನಿಂತವರನ್ನು ಕುರಿತು.

ಟೈರ್ ಮತ್ತು ಸಿದೋನಿನವರ ಮೇಲೆ ಹೆರೋದ ಅಗ್ರಿಪ್ಪನಿಗೆ ಕಡುಕೋಪ. ಅವರ ನಾಡಿಗೋ ಆಹಾರ ಬರುತ್ತಿದ್ದುದು ಅವನ ಸೀಮೆಯಿಂದಲೇ. ಆದುದರಿಂದ ಅವರು ಅರಮನೆಯ ಅಧಿಕಾರಿ ಬ್ಲಾಸ್ತನನ್ನು ಒಲಿಸಿಕೊಂಡು ಸಂಧಾನಕ್ಕೆ ಬಂದರು. ಅರಸನು ರಾಜವಸ್ತ್ರ ಧರಿಸಿ ಮಾತನಾಡಿದಾಗ ಜನರು, ಇದು ಮಾನವನ ಧ್ವನಿಯಲ್ಲ, ದೇವರ ಧ್ವನಿ ಎಂದು ಕೂಗಿದರು. ಆ ಮಹಿಮೆಯನ್ನು ಅವನು ದೇವರಿಗೆ ಸಲ್ಲಿಸದೆ ತಾನೇ ಇಟ್ಟುಕೊಂಡು ಅಳಿದುಹೋದನು. ಇದು ಕ್ರಿ.ಶ. 44ರ ಸಂಗತಿ.

ಇದೇ ಟೈರಿಗೆ ಸೊಲೊಮೋನನ ಕಾಲದಲ್ಲಿಯೂ ಇಸ್ರಯೇಲಿನ ಗೋದಿ ಹೋಗುತ್ತಿತ್ತು. ವರ್ಷಕ್ಕೆ 20,000 ಕೋರ್ ಎನ್ನುತ್ತದೆ ಪವಿತ್ರ ಗ್ರಂಥ. ಟೈರಿನ ಅರಸ ಹೀರಾಮನು ದೇವದಾರು ಮರ ಕಳುಹಿಸಿದನು. ಆ ಗೌರವದ ವಿನಿಮಯದಿಂದ ಜೆರುಸಲೇಮಿನ ಮಹಾದೇವಾಲಯವೇ ಮೇಲೆದ್ದಿತು. ಗೋದಿಯೊಂದೇ; ಕೊಟ್ಟ ಮನಸ್ಸುಗಳು ಬೇರೆ.

ನಮ್ಮ ಪ್ರಭುವಾದರೋ ಆ ಸೀಮೆಗೇ ಹೋದರು. ಮೇಜಿನಿಂದ ಬೀಳುವ ತುಣುಕುಗಳಾದರೂ ಸಾಕೆಂದು ಬೇಡಿದ ಕಾನಾನ್ಯ ಸ್ತ್ರೀಯ ಮಗಳನ್ನು ಗುಣಪಡಿಸಿ, ಆಕೆಯ ವಿಶ್ವಾಸವನ್ನೇ ಕೊಂಡಾಡಿದರು. ಹೆರೋದನು ಬೇಡುವವರಿಂದ ಸ್ತುತಿ ಪಡೆದನು. ಯೇಸುಸ್ವಾಮಿ ಬೇಡಿದವಳನ್ನೇ ಸ್ತುತಿಸಿದರು.

ಮೈಸೂರಿನ ಕ್ರೈಸ್ತರಾದ ನಾವೂ ಪಡೆದವರೇ. 1843ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಇಲ್ಲಿ ದೇವಾಲಯವೊಂದು ಎದ್ದಿತು. ಅದೇ ನಿವೇಶನದಲ್ಲಿ ಇಂದಿನ ಸಂತ ಫಿಲೋಮಿನಾ ಪ್ರಧಾನಾಲಯಕ್ಕೆ 1933ರ ಅಕ್ಟೋಬರ್ 28ರಂದು ಶಂಕುಸ್ಥಾಪನೆ ಮಾಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಹೀರಾಮನಂತೆ ಅನ್ಯಧರ್ಮದ ಅರಸರು ನಮ್ಮ ದೇವರ ಆಲಯಕ್ಕೆ ನೆರವಾದರು.

ಇಂದು ಕೊಡುವ ಸರದಿ ನಮ್ಮದು. ಶತಮಾನೋತ್ಸವದ ಹೆಸರಿನಲ್ಲಿ ನಾವು ಅಕ್ಕಿ ಹಂಚುತ್ತೇವೆ, ಸೀರೆ ಹಂಚುತ್ತೇವೆ, ಮಕ್ಕಳ ಶುಲ್ಕ ಕಟ್ಟುತ್ತೇವೆ. ಒಳ್ಳೆಯದೇ. ಆದರೆ ಬಡ ತಾಯಿಯನ್ನು ವೇದಿಕೆಗೆ ಕರೆದು, ಕೈಮುಗಿಸಿ, ಛಾಯಾಚಿತ್ರ ತೆಗೆಸಿ ಚೀಲ ಕೊಟ್ಟರೆ, ನಾವು ಹೆರೋದನ ರಾಜವಸ್ತ್ರವನ್ನೇ ತೊಟ್ಟಂತಾಗುವುದಿಲ್ಲವೇ? ಆಕೆ ಯಾರ ಶಿಫಾರಸೂ ಇಲ್ಲದೆ, ಯಾವ ಬ್ಲಾಸ್ತನ ಮನೆಗೂ ಅಲೆಯದೆ, ತಲೆಯೆತ್ತಿ ನಮ್ಮ ಬಾಗಿಲಿಗೆ ಬರುವಂತಾಗಲಿ. ಅದೇ ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನದ ಮೊದಲ ಕಾಯಕವಾಗಲಿ.

ಮುಂದೆ, ಅದೇ ಗ್ರಂಥದ 21ನೆಯ ಅಧ್ಯಾಯದಲ್ಲಿ, ಟೈರಿನ ಭಕ್ತವಿಶ್ವಾಸಿಗಳು ಮಡದಿಮಕ್ಕಳೊಡನೆ ಸಂತ ಪೌಲರನ್ನು ಕಡಲತೀರದವರೆಗೆ ಬೀಳ್ಕೊಟ್ಟರು. ಅಲ್ಲಿ ಎಲ್ಲರೂ ಮೊಣಕಾಲೂರಿ ಪ್ರಾರ್ಥಿಸಿದರು. ಕೊಟ್ಟವರೂ ಪಡೆದವರೂ ಒಟ್ಟಿಗೆ ಮೊಣಕಾಲೂರಬೇಕಾದುದು ದೇವರೊಬ್ಬರ ಮುಂದೆ ಮಾತ್ರ. ಆಮೆನ್.