ಹೊನಲು ಬೆಳಕು ಆರಿದ ಮೇಲೆ



ಕೊಯ್ಲು ಮುಗಿದರೆ ಸಾಕು, ಪುತ್ತೂರು, ಸುಳ್ಯ, ಕಡಬದ ರಸ್ತೆಬದಿಯಲ್ಲಿ ಬ್ಯಾನರ್ ಏಳುತ್ತದೆ: ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ. ಯುವಕ ಮಂಡಲದ ಹುಡುಗರು ಗದ್ದೆಯ ಹೆಂಟೆ ಒಡೆದು, ಕಲ್ಲು ಹೆಕ್ಕಿ, ನೀರು ಚಿಮುಕಿಸಿ ಅಂಕಣ ಮಾಡುತ್ತಾರೆ. ರಾತ್ರಿಯಿಡೀ ಗೌಜಿ. ಬೆಳಿಗ್ಗೆ ನೋಡಿದರೆ ಚರುಮುರಿ ಕಟ್ಟಿದ ಕಾಗದ ಮಾತ್ರ ಉಳಿದಿರುತ್ತದೆ.

2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲೆ ಮಣ್ಣಿನ ಮಕ್ಕಳಿಗೂ ಮ್ಯಾಟಿನ ಆಸೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಮೀಟರ್ ಚೌಕದ ತುಂಡುಗಳಾದರೆ ಅಷ್ಟಕ್ಕೇ 130 ಬೇಕು. ಹಾಸಲು ಮೇಲೊಂದು ಮಾಡೂ ಬೇಕು. ಜೂನ್ ಬಂದರೆ ನಮ್ಮ ಮಳೆ ಗೊತ್ತಲ್ಲ, ಗದ್ದೆ ನೇಜಿಗೆ ಹೋಯಿತು. ಬೇಸಿಗೆಯಲ್ಲಿ ಅಂಗಳವಿದೆಯಲ್ಲ ಎನ್ನುವಿರಾ? ಅಲ್ಲಿ ಅಡಿಕೆ ಒಣಗುತ್ತಿದೆ. ಮೆಟ್ಟಿದರೆ ಅಜ್ಜನ ಬೈಗುಳ!

ಆದರೆ ನನ್ನ ಕಣ್ಣಿಗೆ ಮ್ಯಾಟಿಗಿಂತ ಮೊದಲು ಬಿದ್ದದ್ದು ಬೇರೆ. ಒಂದು ಪಂದ್ಯಾಟದಲ್ಲಿ ಹುಡುಗಿಯರು ಬಟ್ಟೆ ಬದಲಿಸಲು ಜಾಗವಿಲ್ಲದೆ, ಇಬ್ಬರು ಶಾಲು ಹಿಡಿದು ನಿಂತರು, ಒಬ್ಬಳು ಒಳಗೆ. ವೇದಿಕೆಯ ಮೇಲೆ ಆಳೆತ್ತರದ ಟ್ರೋಫಿ ಮಿಂಚುತ್ತಿತ್ತು.

ಮುಂದಿನ ಪಂದ್ಯಾಟಕ್ಕೆ ಯುವಕ ಮಂಡಲದವರು ನಿಮ್ಮಲ್ಲಿಗೆ ರಶೀದಿ ಪುಸ್ತಕ ಹಿಡಿದು ಬಂದಾಗ ದುಡ್ಡು ಕೊಡಿ. ಜೊತೆಗೆ ಒಂದು ಮಾತು ಕೇಳಿ: ಟ್ರೋಫಿ ಒಂದು ಗೇಣು ಗಿಡ್ಡ ಮಾಡಿ, ಒಂದು ಕೋಣೆ, ಒಂದು ಶೌಚಾಲಯ ಕಟ್ಟಲಾಗುವುದಿಲ್ಲವೇ?