ಚೆಂಬು ಕೇಳುವ ಪ್ರಶ್ನೆ

ಡಿಸೈನ್ ಓದಿನ ಕೊನೆಯ ಸೆಮಿಸ್ಟರಿನಲ್ಲಿರುವ ಪಕ್ಕದ ಮನೆಯ ಹುಡುಗಿ ಮೊನ್ನೆ ಲ್ಯಾಪ್‌ಟಾಪ್ ಹಿಡಿದು ಬಂದಳು. "ಅಂಕಲ್, ಪೋರ್ಟ್‌ಫೋಲಿಯೊದಲ್ಲಿ ಲೋಗೋ ಇದೆ, ಆ್ಯಪ್ ಇದೆ, ಕುರ್ಚಿಯೂ ಇದೆ. ಯಾವ ಕೆಲಸಕ್ಕೆ ಅರ್ಜಿ ಹಾಕಲಿ?"

ನನಗೆ ನೆನಪಾದದ್ದು ಚೆಂಬು. 1958ರಲ್ಲಿ ಅಮೆರಿಕದ ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ನಮ್ಮ ಸರ್ಕಾರಕ್ಕೊಂದು ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿದ್ದು ಅದರ ಫಲ. ಆ ವರದಿಯಲ್ಲಿ ಅವರು ಬಾಯ್ತುಂಬ ಹೊಗಳಿದ್ದು ನಮ್ಮ ಚೆಂಬನ್ನು. ಎಷ್ಟು ನೀರು ಹಿಡಿಯಬೇಕು, ತುಂಬಿದಾಗ ಭಾರ ಹೇಗೆ ನಿಲ್ಲಬೇಕು, ಬೆಲೆಯೆಷ್ಟು, ಇನ್ನೊಂದು ಪಾತ್ರೆಗೆ ತಗುಲಿದರೆ ಸದ್ದು ಹೇಗೆ? ಪ್ರಶ್ನೆಯ ಮೇಲೆ ಪ್ರಶ್ನೆ.

ಒಳಗಿಂದ ಹಿತ್ತಾಳೆ ಚೆಂಬು ತಂದಿಟ್ಟೆ. "ಇದನ್ನ ನೋಡಿದ್ರೆ ನಿನಗೇನು ಕೇಳಬೇಕು ಅನ್ಸತ್ತೆ?"

ಅವಳು ಕಂಠಕ್ಕೆ ಬೆರಳು ಸುತ್ತಿ ಎತ್ತಿದಳು, ಓರೆ ಮಾಡಿದಳು. ಬೆಲೆಯ ಮಾತಿಲ್ಲ, ಹೊಳಪಿನ ಮಾತಿಲ್ಲ. "ನಮ್ಮಜ್ಜಿಗೆ ಕೈ ನಡುಗತ್ತೆ. ಇದು ಜಾರಲ್ವಾ?"

ಲೋಗೋಗಳನ್ನು ಸದ್ಯಕ್ಕೆ ಪಕ್ಕಕ್ಕಿಡು ಎಂದೆ. ಮುಖ ಸಣ್ಣದು ಮಾಡಿಕೊಂಡಳು. ರಾತ್ರಿಯಿಡೀ ಕೂತು ಮಾಡಿದ್ದಂತೆ, ಪಾಪ. ಆಮೇಲೆ ವಯಸ್ಸಾದವರಿಗೆ, ರೋಗಿಗಳಿಗೆ ಸಲಕರಣೆ ತಯಾರಿಸುವವರು ಎಲ್ಲೆಲ್ಲಿದ್ದಾರೆಂದು ಇಬ್ಬರೂ ಹುಡುಕಲು ಕೂತೆವು. ಚೆಂಬು ಅವಳ ಮಡಿಲಲ್ಲೇ ಇತ್ತು.